ಎಲ್ಲರ ತೆರಿಗೆ ಇಳಿದಾಗ ವಿಕಲಚೇತನರ ರಿಯಾಯಿತಿ ಏನಾಯಿತು?



ಜಿಎಸ್‌ಟಿ ಪಾಠ ಬಂದಾಗ ನಾವು ಸಾಮಾನ್ಯವಾಗಿ ದರಗಳನ್ನು ಬಾಯಿಪಾಠ ಮಾಡಿ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಈ ಬಾರಿ ಒಂದೇ ಒಂದು ದರವನ್ನು ತೆಗೆದುಕೊಂಡು ನಿಧಾನವಾಗಿ ನೋಡೋಣ. ಅದು ವಿಕಲಚೇತನರು ಕೊಳ್ಳುವ ಕಾರಿನ ಮೇಲಿನ ತೆರಿಗೆ.

ರಿಯಾಯಿತಿ ಏಕೆ ಬೇಕು?

ಬಸ್ಸಿನ ಮೆಟ್ಟಿಲು ಹತ್ತಲಾಗದವರು ಕಾಲೇಜಿಗೋ ಕೆಲಸಕ್ಕೋ ಆಸ್ಪತ್ರೆಗೋ ಹೋಗಬೇಕಾದರೆ ಪ್ರತಿ ಸಲವೂ ಆಟೋ ಹಿಡಿಯಬೇಕು, ಇಲ್ಲವೇ ಮನೆಯ ವಾಹನ ಬೇಕು. ಕಾಲಿನ ಬದಲು ಕೈಯಿಂದ ಬ್ರೇಕ್ ಮತ್ತು ಆಕ್ಸಿಲರೇಟರ್ ನಡೆಸುವಂತೆ ಕಾರನ್ನು ಮಾರ್ಪಡಿಸುವ ಖರ್ಚು ಬೇರೆ. ಉಳಿದವರಿಗೆ ಈ ಖರ್ಚು ಇರುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು.

ನಿಯಮ ಏನಿತ್ತು?

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸಣ್ಣ ಕಾರಿಗೆ ಶೇ 28 ತೆರಿಗೆ ಬಿತ್ತು. ಅದರ ಮೇಲೆ ಪೆಟ್ರೋಲ್ ಕಾರಿಗೆ ಶೇ 1, ಡೀಸೆಲ್ ಕಾರಿಗೆ ಶೇ 3 ಸೆಸ್. ಶೇ 40 ಅಥವಾ ಹೆಚ್ಚು ಕೈಕಾಲಿನ ಅಂಗವೈಕಲ್ಯ ಇರುವವರು ಕೇಂದ್ರದ ಭಾರಿ ಕೈಗಾರಿಕೆಗಳ ಸಚಿವಾಲಯದಿಂದ ಪ್ರಮಾಣಪತ್ರ ತಂದರೆ ಶೇ 18 ಮಾತ್ರ ಕೊಟ್ಟರೆ ಸಾಕಿತ್ತು, ಸೆಸ್ ಇರಲಿಲ್ಲ. ಕಾರು 4 ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲಿನದಾದರೆ 1500 ಸಿಸಿ ಒಳಗಿರಬೇಕು. ಐದು ವರ್ಷ ಅದನ್ನು ಮಾರುವಂತಿರಲಿಲ್ಲ.

ಲೆಕ್ಕ ಮಾಡೋಣ

ತೆರಿಗೆ ಸೇರುವ ಮೊದಲು 6,00,000 ರೂಪಾಯಿ ಬೆಲೆಯ ಸಣ್ಣ ಪೆಟ್ರೋಲ್ ಕಾರು ಎಂದುಕೊಳ್ಳಿ.

ಮೊದಲು: ಸಾಮಾನ್ಯ ಗ್ರಾಹಕ ಕೊಡುತ್ತಿದ್ದ ತೆರಿಗೆ (ಶೇ 29) 1,74,000 ರೂ. ವಿಕಲಚೇತನ ಗ್ರಾಹಕ ಕೊಡುತ್ತಿದ್ದುದು (ಶೇ 18) 1,08,000 ರೂ. ವ್ಯತ್ಯಾಸ 66,000 ರೂ.

2025ರ ಸೆಪ್ಟೆಂಬರ್ 22ರಿಂದ: ಇಂಥ ಸಣ್ಣ ಕಾರಿಗೆ ಎಲ್ಲರಿಗೂ ಶೇ 18, ಸೆಸ್ ಇಲ್ಲ. ಇಬ್ಬರೂ ಕೊಡುವುದು 1,08,000 ರೂ. ವ್ಯತ್ಯಾಸ ಸೊನ್ನೆ.

ವಿಕಲಚೇತನರ ತೆರಿಗೆ ಒಂದು ರೂಪಾಯಿಯೂ ಏರಲಿಲ್ಲ. ಆದರೂ ಅವರಿಗಿದ್ದ ರಿಯಾಯಿತಿ ಹೋಯಿತು. ಕಾರಣ ಸರಳ: ರಿಯಾಯಿತಿ ಎಂದರೆ ಎರಡು ದರಗಳ ನಡುವಿನ ಅಂತರ. ಮೇಲಿನ ದರ ಕೆಳಗೆ ಬಂದರೆ ಅಂತರ ತಾನಾಗಿಯೇ ಅಳಿಯುತ್ತದೆ. ಕಾರು ಮಾರ್ಪಡಿಸುವ ಖರ್ಚು ಮಾತ್ರ ಹಾಗೆಯೇ ಉಳಿಯುತ್ತದೆ. ಮಾರ್ಪಾಡಿನ ಕಿಟ್ ಮೇಲಿನ ತೆರಿಗೆಯನ್ನು ಜಿಎಸ್‌ಟಿ ಮಂಡಳಿ 2021ರಲ್ಲಿ ಶೇ 5ಕ್ಕೆ ಇಳಿಸಿತು. ಕಿಟ್ಟಿನ ಬೆಲೆಯನ್ನು ಕೊಳ್ಳುವವರೇ ಕೊಡಬೇಕು.

ಇನ್ನೊಂದು ಮಗ್ಗುಲು

ದರ ಇಳಿಕೆಯಿಂದ ಒಳಿತೂ ಆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕಾರಿನ ರಿಯಾಯಿತಿ ಸಿಗುತ್ತಿದ್ದುದು ಕೈಕಾಲಿನ ತೊಂದರೆಗೆ ಮಾತ್ರ. ಅಂಧ ಮಗಳನ್ನೋ ಆಟಿಸಂ ಇರುವ ಮಗನನ್ನೋ ದಿನವೂ ಕರೆದೊಯ್ಯುವ ತಂದೆತಾಯಿಗೆ ಅದು ಸಿಗುತ್ತಿರಲಿಲ್ಲ. ಈಗ ಅವರಿಗೂ ಶೇ 18, ಪ್ರಮಾಣಪತ್ರಕ್ಕಾಗಿ ಅಲೆದಾಟವೂ ಇಲ್ಲ.

ಯಾರು ಒಳಗೆ, ಯಾರು ಹೊರಗೆ ಎಂಬ ಈ ಪ್ರಶ್ನೆ ಬೇರೆ ದೇಶಗಳಲ್ಲೂ ಎದ್ದಿದೆ. ಐರ್ಲೆಂಡಿನಲ್ಲಿ 1994ರ ನಿಯಮದಂತೆ ವಿಕಲಚೇತನ ಚಾಲಕರಿಗೆ 10,000 ಯೂರೋವರೆಗೆ, ಪ್ರಯಾಣಿಕರಿಗೆ 16,000 ಯೂರೋವರೆಗೆ ವಾಹನ ತೆರಿಗೆಯಲ್ಲಿ ವಿನಾಯಿತಿ ಇತ್ತು. ಹೆಚ್ಚು ಮಾರ್ಪಾಡು ಬೇಕಾದ ವಾಹನಕ್ಕೆ ಮಿತಿ ಇನ್ನೂ ಹೆಚ್ಚು. ಅಂದರೆ ಅಲ್ಲಿ ಅಗತ್ಯ ಏರಿದಂತೆ ನೆರವೂ ಏರುತ್ತಿತ್ತು. ಆದರೆ ಆರು ವೈದ್ಯಕೀಯ ಷರತ್ತುಗಳಲ್ಲಿ ಒಂದಕ್ಕೆ ಹೊಂದಿದವರಿಗಷ್ಟೇ ಅದು ಲಭ್ಯ. ಸಂಸತ್ತು ಮಾಡಿದ ಕಾಯ್ದೆಯ ಉದ್ದೇಶಕ್ಕೆ ಈ ಷರತ್ತುಗಳು ಹೊಂದುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ಹೇಳಿತು. ಸರ್ಕಾರ ಅದೇ ವರ್ಷ ಅವೇ ಷರತ್ತುಗಳನ್ನು ಕಾಯ್ದೆಯೊಳಗೇ ಸೇರಿಸಿತು. ಕೋರ್ಟಿನಲ್ಲಿ ಗೆದ್ದರೂ ಹೊರಗಿದ್ದವರು ಹೊರಗೇ ಉಳಿದರು.

ನಾವು ಕಲಿಯುವುದು

ಒಂದು ರಿಯಾಯಿತಿಯನ್ನು ಪರಿಶೀಲಿಸುವಾಗ ದರ ಎಷ್ಟು ಎಂಬುದರ ಜೊತೆ ಇನ್ನೆರಡು ಪ್ರಶ್ನೆ ಕೇಳಬೇಕು. ಅಂಗವೈಕಲ್ಯದಿಂದ ಬರುವ ಹೆಚ್ಚಿನ ಖರ್ಚನ್ನು ಅದು ತುಂಬುತ್ತದೆಯೇ? ಅಗತ್ಯವಿದ್ದೂ ಹೊರಗುಳಿದವರು ಯಾರು? ಸಣ್ಣ ಕಾರಿನ ವಿಷಯದಲ್ಲಿ ಎರಡನೆಯ ಪ್ರಶ್ನೆಗೆ ಈಗ ಅರ್ಧ ಉತ್ತರ ಸಿಕ್ಕಿದೆ. ಮೊದಲನೆಯದಕ್ಕೆ ಸಿಕ್ಕಿಲ್ಲ. ಮಾರ್ಪಾಡಿನ ಖರ್ಚಿಗೆ ನೇರ ಸಹಾಯಧನ ಕೊಟ್ಟರೆ, ತೆರಿಗೆ ದರ ಏರಿದರೂ ಇಳಿದರೂ ಆ ನೆರವು ಅಳಿಯುವುದಿಲ್ಲ.

ನೆನಪಿಡಿ: ವಿಕಲಚೇತನರಿಗಾಗಿ ವಿಶೇಷವಾಗಿ ರೂಪಿಸಿದ ವಾಹನಕ್ಕೆ ರಾಷ್ಟ್ರೀಯ ಹೆದ್ದಾರಿ ಟೋಲ್ ಇಲ್ಲ. ರಸ್ತೆ ತೆರಿಗೆ ರಾಜ್ಯದ ವಿಷಯ. ಅದರಲ್ಲಿರುವ ವಿನಾಯಿತಿಯನ್ನು ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಬೇಕು.

ಅಭ್ಯಾಸ

1. 7,00,000 ರೂ. ಬೆಲೆಯ ಸಣ್ಣ ಡೀಸೆಲ್ ಕಾರಿಗೆ ಹಳೆಯ ರಿಯಾಯಿತಿ ಎಷ್ಟು ರೂಪಾಯಿ?
2. ತೆರಿಗೆ ರಿಯಾಯಿತಿ, ನೇರ ಸಹಾಯಧನ: ಕಾರು ಕೊಳ್ಳಲಾಗದ ಬಡ ವಿಕಲಚೇತನರಿಗೆ ಇವುಗಳಲ್ಲಿ ಯಾವುದು ತಲುಪುತ್ತದೆ? ಕಾರಣ ಕೊಡಿ.
3. ನಮ್ಮ ಕಾಲೇಜಿನ ಗೇಟಿನಿಂದ ನಿಮ್ಮ ತರಗತಿಯವರೆಗೆ ಎಷ್ಟು ಮೆಟ್ಟಿಲುಗಳಿವೆ? ಎಣಿಸಿ ಬರೆಯಿರಿ.