ಅಪ್ಪನ ಪಹಣಿಯೂ ದಾಖಲೆಯೇ

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತೇನೆ. ಬರುವ ಮೇ ತಿಂಗಳಲ್ಲಿ ಅಪ್ಪ-ಅಮ್ಮನಿಗೆ ಸ್ವಿಟ್ಜರ್ಲೆಂಡ್ ತೋರಿಸುವ ಆಸೆ. ಅಪ್ಪ ಹಾನಗಲ್ ಕಡೆಯ ರೈತರು. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಲ್ಲ, ಖಾತೆಯಲ್ಲಿ ದುಡ್ಡೂ ಹೆಚ್ಚಿಲ್ಲ. ಸಾಲ ತಂದು ಅವರ ಖಾತೆಗೆ ಐದು ಲಕ್ಷ ಹಾಕಿ, ಟಿಕೆಟ್ ಈಗಲೇ ತೆಗೆದುಬಿಡಿ ಎನ್ನುತ್ತಾರೆ ಏಜೆಂಟ್. ವೀಸಾ ಸಿಗದಿದ್ದರೆ ಊರಲ್ಲಿ ಏನು ಹೇಳಲಿ?

ಉತ್ತರ: ಆ ಐದು ಲಕ್ಷ ಹಾಕಬೇಡಿ. ಅರ್ಜಿಗೆ ಮುಂಚೆ ದಿಢೀರನೆ ಬಂದು ಕೂತ ಹಣವನ್ನು ವೀಸಾ ಅಧಿಕಾರಿ ಮೊದಲು ಅನುಮಾನಿಸುತ್ತಾರೆ. ಖರ್ಚು ಯಾರದು, ಇವರು ಊರಿಗೆ ಮರಳುತ್ತಾರೆಯೇ ಎಂಬುದೇ ಅವರ ಮುಖ್ಯ ಪ್ರಶ್ನೆ. ಎರಡಕ್ಕೂ ನಿಮ್ಮಲ್ಲಿ ಸತ್ಯವಾದ ಉತ್ತರವಿದೆ.

ಖರ್ಚು ನನ್ನದು ಎಂದು ಪತ್ರ ಬರೆದು, ನಿಮ್ಮ ಸಂಬಳದ ಚೀಟಿ, ಬ್ಯಾಂಕ್ ವಿವರ, ರಿಟರ್ನ್, ಕಂಪನಿಯ ರಜೆ ಪತ್ರ ಲಗತ್ತಿಸಿ. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪ-ಅಮ್ಮನ ಹೆಸರಿದ್ದರೆ, ಸಂಬಂಧಕ್ಕೆ ಅದು ಪುರಾವೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆಯಿಲ್ಲ, ಆದ್ದರಿಂದ ರಿಟರ್ನ್ ಇಲ್ಲ ಎಂದು ನೇರವಾಗಿ ಬರೆಯಿರಿ. ಜೊತೆಗೆ ಪಹಣಿಯ ಇಂಗ್ಲಿಷ್ ಅನುವಾದ ಇಡಿ. ಬಿತ್ತನೆಗೆ ಹಿಂದಿರುಗಲೇಬೇಕಾದ ಹೊಲಕ್ಕಿಂತ ಗಟ್ಟಿ ಕಾರಣ ಇನ್ನೇನು ಬೇಕು? ಅಪ್ಪನ ಬದುಕನ್ನು ಮುಚ್ಚಿಡುವ ಅಗತ್ಯವೇ ಇಲ್ಲ.

ಟಿಕೆಟ್‌ಗೆ ಸದ್ಯ ಕಾಯ್ದಿರಿಸಿದ ಪ್ರತಿ ಸಾಕು. ವೀಸಾ ಬಂದ ಮೇಲೆ ದುಡ್ಡು ಕಟ್ಟಿ. ಸ್ವಿಟ್ಜರ್ಲೆಂಡ್‌ಗೆ ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಆಗುತ್ತದೆ. ಬೇಸಿಗೆ ರಜೆಗೆ ನೂಕುನುಗ್ಗಲು ಇರುವುದರಿಂದ ಫೆಬ್ರವರಿಯಲ್ಲೇ ಮುಗಿಸಿ. 2024ರ ಜೂನ್‌ನಿಂದ ಶುಲ್ಕ ವಯಸ್ಕರಿಗೆ ತಲಾ 90 ಯೂರೊ, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಹಿಂದಿರುಗುವ ದಿನದಿಂದ ಇನ್ನೂ 3 ತಿಂಗಳು ಪಾಸ್‌ಪೋರ್ಟ್ ಅವಧಿ ಉಳಿದಿರಬೇಕು. ಬೆರಳಚ್ಚು ಕೊಡಲು ಹಿರಿಯರೇ ಬರಬೇಕು, ಸುಗ್ಗಿಯ ಕೆಲಸ ನೋಡಿಕೊಂಡು ದಿನ ಗೊತ್ತುಮಾಡಿ.

ಮೂವರ ಅರ್ಜಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸುತ್ತಾರೆ. ಒಂದು ನಿರಾಕರಣೆಯಾದರೆ ಕಾರಣ ಲಿಖಿತವಾಗಿ ಬರುತ್ತದೆ. ಕೊರತೆ ತುಂಬಿ ಮತ್ತೆ ಅರ್ಜಿ ಹಾಕಬಹುದು, ಮೇಲ್ಮನವಿಗೂ ಅವಕಾಶವಿದೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಮಾತ್ರ ಮುಂದಿನ ಅರ್ಜಿಗಳಿಗೂ ಕಲ್ಲು ಬೀಳುತ್ತದೆ. ಊರಿಗೆ ಸುದ್ದಿ ಹೇಳುವುದನ್ನು ವೀಸಾ ಕೈಗೆ ಬರುವವರೆಗೆ ತಡೆಹಿಡಿಯಿರಿ. ಅಪ್ಪ-ಅಮ್ಮನಿಗೆ ಮಾತ್ರ ಇಂದೇ ಎಲ್ಲವನ್ನೂ ಬಿಡಿಸಿ ಹೇಳಿ.