ಡಂಬಳದ ನಕ್ಷತ್ರ ಬರೆಯಿರಿ, ಕೋಡಿಂಗ್ ಕೈಗೆ ಹತ್ತುತ್ತದೆ

ಹಲವಾಗಲು, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ. ಈ ಸೀಮೆಯಲ್ಲಿ ಪಿಯುಸಿಯನ್ನೋ ಡಿಪ್ಲೊಮಾವನ್ನೋ ಮುಗಿಸಿ, "ಕೋಡಿಂಗ್ ಕಲೀಬೇಕ್ರಿ, ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳುವವರು ಓಣಿಗೊಬ್ಬರು ಸಿಗುತ್ತಾರೆ. ಬಹಳ ಜನ ಕೊಡುವ ಉತ್ತರ ಒಂದೇ: ಬೆಂಗಳೂರಿಗೆ ಹೋಗು, ಕೋರ್ಸ್ ಸೇರು. ನನ್ನ ಉತ್ತರ ಬೇರೆ. ವೆಬ್ ಪುಟ ಕಟ್ಟುವುದನ್ನೂ ಪ್ಯಾರಾಮೆಟ್ರಿಕ್ ವಿನ್ಯಾಸವನ್ನೂ ಒಟ್ಟಿಗೆ ಕಲಿಯಿರಿ, ಊರಲ್ಲೇ ಕಲಿಯಿರಿ. ಪ್ಯಾರಾಮೆಟ್ರಿಕ್ ಎಂಬ ಹೆಸರಿಗೆ ಹೆದರಬೇಕಿಲ್ಲ. ಚಿತ್ರವನ್ನು ಕೈಯಿಂದ ಬಿಡಿಸುವ ಬದಲು ಅದರ ನಿಯಮವನ್ನು ಬರೆಯುವುದು, ಆಮೇಲೆ ಒಂದು ಅಳತೆ ಬದಲಿಸಿದರೆ ಇಡೀ ಆಕಾರ ತಾನೇ ಹೊಂದಿಕೊಳ್ಳುವಂತೆ ಮಾಡುವುದು. ಇಷ್ಟೇ.

1. ಹತ್ತು ಪಾಠ ಬಿಡಿ, ಒಂದು ಚಿತ್ರ ಹಿಡಿಯಿರಿ

ಹಡಗಲಿಯ ಕಡೆಯಿಂದ ತುಂಗಭದ್ರೆ ದಾಟಿದರೆ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು. ಅಲ್ಲಿಯ ಡಂಬಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, 12ನೇ ಶತಮಾನದ ದೊಡ್ಡಬಸಪ್ಪ ಗುಡಿ ಇದೆ. ಅದರ ಗರ್ಭಗುಡಿಯ ಹೊರಗೋಡೆಯ ನಕ್ಷೆ 24 ಮೂಲೆಗಳ ನಕ್ಷತ್ರ. ಹೆನ್ರಿ ಕಸೆನ್ಸ್ 1926ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕದಲ್ಲಿ ಈ ಗುಡಿಯೂ ಸೇರಿದೆ. ಈ ನಕ್ಷತ್ರ ಹುಟ್ಟುವ ಬಗೆ ಅಚ್ಚರಿಯಾಗುವಷ್ಟು ಸರಳ. ಒಂದು ಚೌಕ ತೆಗೆದುಕೊಳ್ಳಿ. ಅದರ ನಡುಬಿಂದುವನ್ನು ಕದಲಿಸದೆ 15 ಡಿಗ್ರಿ ತಿರುಗಿಸಿ ಮತ್ತೊಂದು ಚೌಕ ಹಾಕಿ, ಇನ್ನೂ 15 ತಿರುಗಿಸಿ ಮಗದೊಂದು. ಒಟ್ಟು ಆರು ಚೌಕವಾದಾಗ 24 ಮೂಲೆ ಸಿಗುತ್ತವೆ. ಏಳನೆಯದು ಮೊದಲನೆಯದರ ಮೇಲೇ ಬಂದು ಕೂರುತ್ತದೆ.

ನಿಮ್ಮ ಮೊದಲ ಪ್ರೋಗ್ರಾಂ ಇದೇ ಆಗಲಿ. ಪರದೆಯ ಮೇಲೆ "ಹಲೋ" ಎಂದು ಮೂಡಿಸಿದ ಖುಷಿ ಸಂಜೆಯವರೆಗೂ ಉಳಿಯುವುದಿಲ್ಲ.

2. ಮೊದಲು ನೆಲ, ಆಮೇಲೆ ಕೀಲಿಮಣೆ

ಅದೇ ನಕ್ಷತ್ರವನ್ನು ಅಂಚಿನ ಮೇಲೆ ನಡೆಯುತ್ತಲೂ ಬರೆಯಬಹುದು. ಅಂಗಳದಲ್ಲಿ ನಿಂತು ಮಾಡಿ ನೋಡಿ. ಹತ್ತು ಹೆಜ್ಜೆ ಮುಂದೆ, ಬಲಕ್ಕೆ 90 ಡಿಗ್ರಿ ತಿರುಗು. ಮತ್ತೆ ಹತ್ತು ಹೆಜ್ಜೆ, ಎಡಕ್ಕೆ 75 ಡಿಗ್ರಿ ತಿರುಗು. ಇದನ್ನು 24 ಸಲ ಮಾಡಿದರೆ ಹೊರಟ ಜಾಗಕ್ಕೇ ಬರುತ್ತೀರಿ. ಯಾಕೆ? ಪ್ರತಿ ಸುತ್ತಿನಲ್ಲೂ 90ರಿಂದ 75 ಕಳೆದು 15 ಡಿಗ್ರಿ ಉಳಿಯುತ್ತದೆ, ಇಪ್ಪತ್ತನಾಲ್ಕು ಹದಿನೈದಲೆ 360.

1967ರಲ್ಲಿ ಸೆಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್‌ಜೈಗ್ ರೂಪಿಸಿದ ಲೋಗೋ ಭಾಷೆ ಮಕ್ಕಳಿಗೆ ಕಲಿಸಿದ್ದು ಹೀಗೆಯೇ. ಪರದೆಯ ಮೇಲೊಂದು ಆಮೆ, ಅದಕ್ಕೆ ಮುಂದೆ ಹೋಗು, ತಿರುಗು ಎಂಬ ಆಜ್ಞೆ. ಅದನ್ನು ಕನ್ನಡಕ್ಕೆ ತಂದವರು ಯು.ಬಿ. ಪವನಜ. ಅವರ ಕನ್ನಡ ಲೋಗೋದಲ್ಲಿ ಆಜ್ಞೆಗಳೇ ಕನ್ನಡದಲ್ಲಿವೆ. ಮನೆಯಲ್ಲಿ ಆರು-ಏಳನೇ ತರಗತಿಯ ತಮ್ಮನೋ ತಂಗಿಯೋ ಇದ್ದರೆ ಅವರಿಗೂ ಇದನ್ನು ತೋರಿಸಿ.

3. ಸಂಖ್ಯೆಗೆ ಹೆಸರಿಡಿ, ಲೆಕ್ಕದಿಂದ ಬರುವುದನ್ನು ಲೆಕ್ಕಕ್ಕೇ ಬಿಡಿ

ಇಡೀ ವಿದ್ಯೆಯ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನಿಸಿ.

ನಕ್ಷತ್ರವನ್ನು ಇನ್ನೊಂದು ಬಗೆಯಲ್ಲೂ ಬರೆಯಬಹುದು. ಒಂದೇ ನಡುಬಿಂದುವಿನ ಸುತ್ತ ಎರಡು ವೃತ್ತ, ಹೊರವೃತ್ತದ ಮೇಲೆ ಚೂಪು ಮೂಲೆ, ಒಳವೃತ್ತದ ಮೇಲೆ ತಗ್ಗು, ಒಂದಾದ ಮೇಲೊಂದರಂತೆ ಸೇರಿಸುತ್ತ ಹೋಗುವುದು. ಡಂಬಳದ ಮಾದರಿಗೆ ಹೊರತ್ರಿಜ್ಯ 100 ಇದ್ದರೆ ಒಳತ್ರಿಜ್ಯ ಸುಮಾರು 89. ಹೊಸಬರು ಏನು ಮಾಡುತ್ತಾರೆಂದರೆ ನೇರವಾಗಿ 89 ಎಂದೇ ಬರೆದುಬಿಡುತ್ತಾರೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಈಗ 24ರ ಬದಲು 16 ಮೂಲೆ ಕೇಳಿ. ಸೋಮನಾಥಪುರದ ಕೇಶವ ದೇವಾಲಯ, 13ನೇ ಶತಮಾನದ್ದು, 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತಲ್ಲ, ಅಲ್ಲಿಯ ಗರ್ಭಗುಡಿಗಳ ನಕ್ಷೆ 16 ಮೂಲೆಯ ನಕ್ಷತ್ರ. ನಿಮ್ಮ ಪ್ರೋಗ್ರಾಂ 16 ಮೂಲೆಗಳನ್ನೇನೋ ಬರೆಯುತ್ತದೆ, ಆದರೆ ಮೂಲೆಗಳು ಚೌಕದ ಮೂಲೆಗಳಾಗಿ ಉಳಿಯುವುದಿಲ್ಲ. 90 ಡಿಗ್ರಿ ತಪ್ಪಿ ಮೊಂಡಾಗುತ್ತವೆ. 16ಕ್ಕೆ ಒಳತ್ರಿಜ್ಯ ಸುಮಾರು 85 ಆಗಬೇಕಿತ್ತು.

89 ನೀವು ಆರಿಸಿಕೊಂಡ ಸಂಖ್ಯೆಯಲ್ಲ, ಮೂಲೆಗಳ ಸಂಖ್ಯೆಯಿಂದ ಹುಟ್ಟಿದ್ದು. ಆರಿಸುವ ಸಂಖ್ಯೆಗಳು ಇಲ್ಲಿ ಎರಡೇ: ಮೂಲೆ ಎಷ್ಟು, ಗಾತ್ರ ಎಷ್ಟು. ಮಿಕ್ಕದ್ದೆಲ್ಲ ಅವುಗಳಿಂದ ಬರಬೇಕು. ನಡೆಯುವ ವಿಧಾನದಲ್ಲಿ ಬಲತಿರುವು ಯಾವಾಗಲೂ 90. ಎಡತಿರುವು ಅಂದರೆ 360ನ್ನು ಮೂಲೆಗಳಿಂದ ಭಾಗಿಸಿ, ಬಂದದ್ದನ್ನು 90ರಿಂದ ಕಳೆದದ್ದು. 24ಕ್ಕೆ 75, 16ಕ್ಕೆ 67.5, 8ಕ್ಕೆ 45. ಮೂಲೆ 4 ಎಂದು ಕೊಡಿ, ಎಡತಿರುವು ಸೊನ್ನೆಯಾಗಿ ನಕ್ಷತ್ರ ಮತ್ತೆ ಬರಿಯ ಚೌಕವಾಗುತ್ತದೆ. ಅದನ್ನು ಕಣ್ಣಾರೆ ನೋಡಿದವರಿಗೆ ವೇರಿಯೇಬಲ್ ಎಂದರೇನು ಎಂದು ಮತ್ತೆ ವಿವರಿಸಬೇಕಿಲ್ಲ. ಮೂಲೆಯನ್ನು ಸೊನ್ನೆ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿ, ಅಂಥ ಬೆಲೆ ಬಾರದಂತೆ ತಡೆಯುವ ಒಂದು ಸಾಲು ಸೇರಿಸಿ.

ಹೆಸರನ್ನು ಕನ್ನಡದಲ್ಲೇ ಇಡಬಹುದು. ಜಾವಾಸ್ಕ್ರಿಪ್ಟ್ "ಮೂಲೆಗಳು", "ಗಾತ್ರ" ಎಂಬ ವೇರಿಯೇಬಲ್‌ಗಳನ್ನು ತಕರಾರಿಲ್ಲದೆ ಒಪ್ಪುತ್ತದೆ. ಹೊರಗಿನವರ ಜೊತೆ ಕೆಲಸ ಮಾಡುವಾಗ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಅಲ್ಲಿಯವರೆಗೆ ತಲೆಗೆ ಬಂದ ಮಾತಿನಲ್ಲೇ ಬರೆಯಿರಿ.

4. ಬ್ರೌಸರ್ ಸಾಕು

ನೋಟ್‌ಪ್ಯಾಡ್, ಒಂದು ಬ್ರೌಸರ್, ಒಂದು ಕಡತ. ಪುಟದ ಎಲುಬು ಎಚ್‌ಟಿಎಂಎಲ್, ಅಂದಚಂದ ಸಿಎಸ್ಎಸ್, ಚಲನೆ ಮತ್ತು ಲೆಕ್ಕ ಜಾವಾಸ್ಕ್ರಿಪ್ಟ್. ಚಿತ್ರಕ್ಕೆ ಎಸ್‌ವಿಜಿ, ಅದು ಪುಟದ ಒಳಗೇ ಕೂರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ. ಇವೆಲ್ಲ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ, ಕರೆಂಟು ನೆಟ್‌ವರ್ಕು ಎರಡೂ ಹೋಗಿಬರುವ ಊರುಗಳಲ್ಲಿ ಇದು ದೊಡ್ಡ ಅನುಕೂಲ.

ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ ಇದೆ ಎನ್ನುವವರಿಗೆ ಪಿ5 ಜೆಎಸ್ ಇದೆ. ಲಾರೆನ್ ಮೆಕಾರ್ಥಿ 2013ರಲ್ಲಿ ಶುರು ಮಾಡಿದ ಉಚಿತ ಲೈಬ್ರರಿ ಅದು. ಅದರ ಎಡಿಟರ್ ಬ್ರೌಸರಿನಲ್ಲೇ ತೆರೆಯುತ್ತದೆ, ತಪ್ಪನ್ನು ಕೆಳಗೆ ತೋರಿಸುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಬಿಡಬೇಡಿ, ದಿನಕ್ಕೆ ಒಂದು ತಾಸು ಕೇಳಿ ಪಡೆಯಿರಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದಲ್ಲೇ ಕೇಳಬಹುದಾದ ಪಾಠಗಳೂ ಇವೆ.

5. ಎಲ್ಲರೂ ಬೀಳುವ ಮೂರು ಗುಂಡಿ

ಶಾಲೆಯ ಗ್ರಾಫಿನಲ್ಲಿ ವೈ ಅಕ್ಷ ಮೇಲೇರುತ್ತದೆ, ಪರದೆಯಲ್ಲಿ ಕೆಳಗಿಳಿಯುತ್ತದೆ. ಸೊನ್ನೆ ಇರುವುದು ಎಡ ಮೇಲ್ತುದಿಯಲ್ಲಿ.

ಜಾವಾಸ್ಕ್ರಿಪ್ಟಿನ ಸೈನ್, ಕೊಸೈನ್‌ಗಳಿಗೆ ಕೋನ ರೇಡಿಯನ್‌ನಲ್ಲಿ ಬೇಕು. ಎಸ್‌ವಿಜಿಯ ತಿರುಗುವ ಆಜ್ಞೆಗೆ ಡಿಗ್ರಿ ಸಾಕು. ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸುವ ಒಂದು ಪುಟ್ಟ ಫಂಕ್ಷನ್ ಬರೆದಿಟ್ಟುಕೊಳ್ಳಿ.

ಅಳತೆ ಬದಲಿಸಲು ಪುಟದಲ್ಲಿಡುವ ಎಚ್‌ಟಿಎಂಎಲ್ ಸ್ಲೈಡರಿನಿಂದ ಬರುವ ಬೆಲೆ ಸಂಖ್ಯೆಯಲ್ಲ, ಪಠ್ಯ. 24ಕ್ಕೆ 1 ಕೂಡಿಸಿದರೆ 25ರ ಬದಲು 241 ಬಂತೆಂದರೆ ಕಾರಣ ಇದೇ. ಮೊದಲು ಸಂಖ್ಯೆಗೆ ಪರಿವರ್ತಿಸಿ.

6. ಲೂಪ್ ಅರ್ಥವಾಗದಿದ್ದರೆ ರಂಗೋಲಿ ಹಾಕಿ

ಏಳು ಚುಕ್ಕಿ, ನಾಲ್ಕರವರೆಗೆ ಸಂದುಚುಕ್ಕಿ. ಮನೆಯಲ್ಲಿ ಅವ್ವನಿಗೋ ಅಕ್ಕನಿಗೋ ಇಷ್ಟು ಹೇಳಿದರೆ ಚುಕ್ಕಿ ಇಟ್ಟುಬಿಡುತ್ತಾರೆ. ನಡುಸಾಲಿನಲ್ಲಿ ಏಳು, ಮೇಲೂ ಕೆಳಗೂ ಆರು, ಐದು, ನಾಲ್ಕು, ಪ್ರತಿ ಸಾಲೂ ಅರ್ಧ ಚುಕ್ಕಿ ಪಕ್ಕಕ್ಕೆ ಸರಿದು. ಒಂದೇ ಕೆಲಸವನ್ನು ಎಣಿಸಿ ಮತ್ತೆ ಮತ್ತೆ ಮಾಡಿಸುವುದೇ ಲೂಪ್, ಇದು ಲೂಪಿನೊಳಗಿನ ಲೂಪ್. ಹೊರಗಿನದು ಸಾಲು ಎಣಿಸುತ್ತದೆ, ಒಳಗಿನದು ಆ ಸಾಲಿನ ಚುಕ್ಕಿ ಎಣಿಸುತ್ತದೆ. ಒಟ್ಟು 37 ಚುಕ್ಕಿ ಬರಬೇಕು, ಬಾರದಿದ್ದರೆ ನಡುಸಾಲನ್ನು ಎರಡು ಸಲ ಬರೆದಿದ್ದೀರಾ ನೋಡಿ. ಆಮೇಲೆ ಏಳನ್ನು ಹನ್ನೊಂದು ಮಾಡಿ.

ಇದನ್ನು ಆಟವೆಂದು ತಳ್ಳಿಹಾಕಬೇಡಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಜೊತೆಗಾರರು ತಮಿಳುನಾಡಿನ ರಂಗೋಲಿಗಳಾದ ಕೋಲಂಗಳ ವ್ಯಾಕರಣವನ್ನು ಗಣಕ ವಿಜ್ಞಾನದ ಸಂಶೋಧನೆಯಾಗಿಸಿದರು, 1974ರಲ್ಲೇ ಪ್ರಬಂಧ ಪ್ರಕಟಿಸಿದರು. ನಮ್ಮ ಹೊಸ್ತಿಲ ಮುಂದಿನ ಹೆಣ್ಣುಮಕ್ಕಳಿಗೆ ಈ ವಿದ್ಯೆಯ ಅರ್ಧ ಮೊದಲೇ ಗೊತ್ತಿದೆ. ಅವರನ್ನು ಕಂಪ್ಯೂಟರ್ ಮುಂದೆ ಕೂರಿಸುವುದೊಂದೇ ಬಾಕಿ, ಆ ಕೆಲಸ ಮೊದಲು ಆಗಬೇಕು.

7. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ

ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಪುಟಕ್ಕೆ ಅಂಟಿಸಿದರೆ ಅರ್ಥವಾಗದ ಗೀಚು ಕಾಣುತ್ತದೆ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಪುಟದ ತಲೆಯಲ್ಲೂ ಅದನ್ನು ನಮೂದಿಸಿ, ಭಾಷೆ ಕನ್ನಡ ಎಂದು ತಿಳಿಸಿ.

ಇನ್ನೊಂದು ಸೂಕ್ಷ್ಮ. "ಹಲವಾಗಲು" ಎಂಬ ಹೆಸರಿನ ಉದ್ದ ಕೇಳಿದರೆ ಜಾವಾಸ್ಕ್ರಿಪ್ಟ್ 7 ಎನ್ನುತ್ತದೆ, ನಾವು ಓದುವುದು ಐದೇ ಅಕ್ಷರ. ಆಕಾರದ ದೀರ್ಘವೂ ಉಕಾರದ ಕೊಂಬೂ ಅದಕ್ಕೆ ಬೇರೆ ಬೇರೆ ಸಂಕೇತಗಳು. "ಕೊಟ್ಟೂರು" ನಮಗೆ ಮೂರಕ್ಷರ, ಅದಕ್ಕೆ 8. ಫಾರ್ಮಿನಲ್ಲಿ ಹೆಸರಿಗೆ ಇಂತಿಷ್ಟೇ ಅಕ್ಷರ ಎಂದು ಮಿತಿ ಹಾಕುವವರು ಇದನ್ನು ಮರೆತರೆ ಕನ್ನಡದ ಹೆಸರುಗಳು ಅರ್ಧಕ್ಕೆ ತುಂಡಾಗುತ್ತವೆ. ಕನ್ನಡ ಅಂಕಿಗಳಲ್ಲಿ ಬರೆದ ೧೨ನ್ನು ಪೈಥಾನ್ 12 ಎಂದು ಓದಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಎನ್ನುತ್ತದೆ.

8. ಕೆಂಪು ಸಾಲು ಓದಿ

ತಪ್ಪು ಬಂದರೆ ಎಲ್ಲವನ್ನೂ ಅಳಿಸಬೇಡಿ. ಮೊದಲ ತಪ್ಪಿನ ಸಾಲಿನ ಸಂಖ್ಯೆ ನೋಡಿ, ಅದನ್ನೊಂದು ಸರಿಪಡಿಸಿ. ಕೆಳಗಿನ ಹತ್ತು ತಪ್ಪು ಅದರ ಮಕ್ಕಳಾಗಿರಬಹುದು. ಕೃತಕ ಬುದ್ಧಿಮತ್ತೆಯ ಆ್ಯಪ್ ಬರೆದುಕೊಟ್ಟ ಕೋಡ್ ಬಳಸುವುದಾದರೆ ಪ್ರತಿ ಸಾಲನ್ನೂ ಪಕ್ಕದವರಿಗೆ ಕನ್ನಡದಲ್ಲಿ ವಿವರಿಸಿ. ವಿವರಿಸಲಾಗದ ಸಾಲು ನಿಮ್ಮದಲ್ಲ.

9. ನಿಯಮ ಮುರಿಯುವ ಜಾಗವನ್ನು ಹುಡುಕಿ

ಪುಸ್ತಕದ ನಕ್ಷತ್ರಕ್ಕೆ ಎಲ್ಲ ಮೂಲೆಗಳೂ ಇರುತ್ತವೆ. ಕಟ್ಟಿದ ಗುಡಿಗೆ ಒಂದು ಬಾಗಿಲು ಬೇಕಲ್ಲ! ಮುಂದಿನ ಕಿರುಕೋಣೆಯಾದ ಅಂತರಾಳ ಬಂದು ಗರ್ಭಗುಡಿಗೆ ಸೇರುವ ಕಡೆ ಕೆಲವು ಮೂಲೆಗಳು ಅದರೊಳಗೆ ಅಡಗಿಹೋಗುತ್ತವೆ. ನಿಮ್ಮ ಪ್ರೋಗ್ರಾಮಿನಲ್ಲಿ ಇದೇ "ಇಂಥ ಕಡೆ ಆದರೆ ಹೀಗೆ ಮಾಡು" ಎಂಬ ಷರತ್ತು.

ಇದನ್ನು ನೋಡಲು ಗುಡಿಗಳಿಗೇನೂ ಬರವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಹೊಳೆ ದಂಡೆಯ ಕುರುವತ್ತಿ ಮಲ್ಲಿಕಾರ್ಜುನ, ಹಿರೇಹಡಗಲಿ ಮತ್ತು ಅಂಬಳಿಯ ಕಲ್ಲೇಶ್ವರ. ಗೋಡೆ ಎಷ್ಟು ಸಲ ಹೊರಚಾಚುತ್ತದೆ, ಯಾವ ಅಳತೆ ಎರಡು ಕಡೆ ಒಂದೇ, ಯಾವುದು ಇನ್ನೊಂದರ ಅರ್ಧ ಎಂದು ಹೊರಗಿನಿಂದ ನೋಡಿ ಬರೆದುಕೊಳ್ಳಿ. ಗೋಡೆಗೆ ಸುಣ್ಣದ ಕಡ್ಡಿ ತಾಗಿಸಬೇಡಿ, ಶಿಲ್ಪದ ಮೇಲೆ ಟೇಪು ಎಳೆಯಬೇಡಿ.

ಆ ಅಳತೆಗಳೊಡನೆ ಮೂರು ಆಯಾಮಕ್ಕೆ ಹೋಗಲು ಓಪನ್‌ಸ್ಕ್ಯಾಡ್ ಉಚಿತ, ಬರಿಯ ಪಠ್ಯದಿಂದ ಘನಾಕೃತಿ ಕಟ್ಟುತ್ತದೆ. ಸಪಾಟು ನಕ್ಷೆಯನ್ನು ಮೇಲಕ್ಕೆಳೆದರೆ ಗೋಡೆ, ಪ್ರತಿ ಹಂತಕ್ಕೂ ಒಂದಿಷ್ಟು ಕಿರಿದಾಗಿಸಿ ಪೇರಿಸಿದರೆ ಶಿಖರ. ವಾಸ್ತುಶಿಲ್ಪ ಓದುವವರು ಮುಂದೆ ರೈನೊ ತಂತ್ರಾಂಶದೊಳಗಿನ ಗ್ರಾಸ್‌ಹಾಪರ್ ಬಳಸುತ್ತಾರೆ. ರೈನೊ ದುಡ್ಡು ಕೊಟ್ಟು ಕೊಳ್ಳುವಂಥದ್ದು, ಅದಕ್ಕೆ ಈಗಲೇ ಆತುರವಿಲ್ಲ.

10. ಮೊದಲ ಪುಟವನ್ನು ಒಬ್ಬ ರೈತರಿಗೆ ತೋರಿಸಿ

ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560. ಹೊಲದ ಉದ್ದ, ಅಗಲ, ಸಸಿಯಿಂದ ಸಸಿಗೆ ಅಂತರ, ಹೀಗೆ ಮೂರು ಸ್ಲೈಡರ್ ಇಟ್ಟು ಎಷ್ಟು ಸಸಿ ಹಿಡಿಯುತ್ತದೆ ಎಂದು ಹೇಳುವ ಪುಟ ಮಾಡಿ. ಹಡಗಲಿ ಮಲ್ಲಿಗೆಗಾಗಲಿ ದಾಳಿಂಬೆಗಾಗಲಿ ಬಳಕೆಗೆ ಬರುತ್ತದೆ.

ಹತ್ತಡಿ ಅಂತರವಿಟ್ಟು ಒಂದು ಗುಂಟೆಯ ಲೆಕ್ಕ ಹಾಕಿ ನೋಡಿ. ವಿಸ್ತೀರ್ಣವನ್ನು 100ರಿಂದ ಭಾಗಿಸಿದರೆ ಹತ್ತು ಚಿಲ್ಲರೆ. ಅಂಚಿನಿಂದಲೇ ಶುರು ಮಾಡಿ ಲೂಪಿನಲ್ಲಿ ಚುಕ್ಕಿ ಇಟ್ಟರೆ ಸಾಲಿಗೆ ನಾಲ್ಕರಂತೆ 16. ಬದುವಿನಿಂದ ಐದಡಿ ಬಿಟ್ಟು ಇಟ್ಟರೆ ಸಾಲಿಗೆ ಮೂರರಂತೆ 9. ಮೂರು ಉತ್ತರವೂ ಗಣಿತದ ಮಟ್ಟಿಗೆ ಸರಿ, ಹೊಲಕ್ಕೆ ಹೊಂದುವುದು ಒಂದೇ. ಭಾಗಾಕಾರ ನಂಬಿ ಸಸಿ ತರಿಸಿದವರಿಗೆ ಒಂದೋ ಉಳಿಯುತ್ತವೆ, ಇಲ್ಲವೇ ಸಾಲದೆ ಬರುತ್ತವೆ. ಆದ್ದರಿಂದ ಸಂಖ್ಯೆಯ ಜೊತೆಗೆ ಹೊಲದ ಚಿತ್ರವನ್ನೂ ಬರೆದು ಪ್ರತಿ ಸಸಿಗೂ ಒಂದು ಚುಕ್ಕಿ ಇಡಿ, ಒಪ್ಪುವವರು ನೋಡಿ ಒಪ್ಪಲಿ.

ಪುಟವನ್ನು ಮೊಬೈಲಿನಲ್ಲಿ ಹಾಕಿಕೊಂಡು ಹೊಲಕ್ಕೇ ಹೋಗಿ. ಬದುವಿಗೆ ಎಷ್ಟು ಬಿಟ್ಟೀ, ಡ್ರಿಪ್ಪಿನ ಮೇನ್ ಪೈಪ್ ಎಲ್ಲಿ ಹಾಯುತ್ತೆ, ಎತ್ತಿನ ಗಾಡಿ ತಿರುಗಲಿಕ್ಕೆ ಜಾಗ ಎಲ್ಲಿ ಎಂದು ರೈತರು ಕೇಳುತ್ತಾರೆ. ಒಂದೊಂದು ಪ್ರಶ್ನೆಗೂ ಒಂದೊಂದು ಸ್ಲೈಡರ್ ಸೇರಿಸಿ, ಮರುವಾರ ಮತ್ತೆ ಹೋಗಿ ತೋರಿಸಿ.