ಗಿಡ ಹತ್ತುವ ಇರುವೆಯ ಹಿಂದೆ ಯಾರು?

ಬೇಸಿಗೆ ಕಾಲಿಟ್ಟೊಡನೆ ಸದಸ್ಯ ಬಾಂಧವರು ನಮ್ಮನ್ನು ಕೇಳುವುದುಂಟು: "ಕಾಫಿ ಗಿಡದ ತುಂಬ ಇರುವೆ, ಯಾವ ಪುಡಿ ಎರಚೋಣ?" ಪುಡಿಯ ಮಾತು ಆಮೇಲೆ. ಇರುವೆ ಗಿಡ ಹತ್ತಿದ್ದೇಕೆಂದು ಮೊದಲು ನೋಡೋಣ.

ಅದು ಹೋಗುವುದು ಕಾಫಿ ಎಲೆ ತಿನ್ನಲಿಕ್ಕಲ್ಲ. ಹಸಿರು ತಿಗಣೆ, ಹಿಟ್ಟು ತಿಗಣೆಗಳು ಗಿಡದ ರಸ ಹೀರಿ ಹೊರಬಿಡುವ ಸಿಹಿ ಅಂಟಿಗಾಗಿ. ನಾವು ಕರೆಯುವ ಹಸುವನ್ನು ಕಾಯುವಂತೆಯೇ ಇರುವೆ ಈ ತಿಗಣೆಗಳನ್ನು ಕಾಯುತ್ತದೆ. ಅವನ್ನು ತಿನ್ನಬಂದ ಮಿತ್ರಕೀಟಗಳನ್ನು ಓಡಿಸುತ್ತದೆ. ಎಲೆಯ ಮೇಲುಳಿದ ಅಂಟಿನಲ್ಲಿ ಮಸಿಯಂಥ ಬೂಷ್ಟು ಬೆಳೆಯುತ್ತದೆ.

ಆ ಮಿತ್ರರಲ್ಲಿ ಮುಖ್ಯವಾದುದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು. ಹಸಿರು ತಿಗಣೆಯ ನಿವಾರಣೆಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು. ಅದಕ್ಕೆ ಹೆಚ್ಚು ರುಚಿಸಿದ್ದು ಹಿಟ್ಟು ತಿಗಣೆ! ಇದರ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಎಳೆಗಳಿರುತ್ತವೆ. ದೊಡ್ಡ ಹಿಟ್ಟು ತಿಗಣೆಯೆಂದೇ ತಿಳಿದು ನಾವೂ ಹೊಸಕಿ ಹಾಕಿದ್ದುಂಟು. ಚುರುಕಾಗಿ ಹರಿದಾಡುತ್ತಿದ್ದರೆ ಅದನ್ನು ಕೊಲ್ಲಬೇಡಿ.

ಆದುದರಿಂದ ಇರುವೆಯ ದಾರಿ ಕಡಿಯುವುದೇ ಮುಖ್ಯ. ನೆಲಕ್ಕೆ ತಾಗಿದ ಕೊಂಬೆ, ಗಿಡಕ್ಕೆ ಒರಗಿದ ನೆರಳು ಮರದ ರೆಂಬೆ, ಎತ್ತರದ ಕಳೆ ಎಲ್ಲವೂ ಅದಕ್ಕೆ ಸೇತುವೆಯೇ. ಇವನ್ನು ತೆಗೆದರೆ ಉಳಿಯುವುದು ಕಾಂಡವೊಂದೇ. ಮನೆ ಬಳಿಯ ನಾಲ್ಕಾರು ಗಿಡಗಳಾದರೆ ಕಾಂಡಕ್ಕೆ ಬಟ್ಟೆ ಪಟ್ಟಿ ಬಿಗಿದು ಮೇಲೆ ಗ್ರೀಸ್ ಹಚ್ಚಬಹುದು. ತೊಗಟೆಗೆ ನೇರವಾಗಿ ಬೇಡ. ತೋಟಕ್ಕೆಲ್ಲ ಇದು ಆಗುವ ಕೆಲಸವಲ್ಲ. ಅಂಗಳದ ಗೂಡಿಗೆ ಬೆಳಗಿನ ತಂಪಿನಲ್ಲಿ ಕುದಿಯುವ ನೀರು ಸುರಿಯಿರಿ, ಗಿಡದ ಬುಡಕ್ಕೆ ಮಾತ್ರ ಬೇಡ.

ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯ ವಿಷಯ ಬೇರೆ. ಅದು ಬೇರೆ ಹುಳುಗಳನ್ನೂ ಹಿಡಿದು ತಿನ್ನುತ್ತದೆ. ಬೇಲಿ ಬದಿಯ ಮರದಲ್ಲಿದ್ದರೆ ಇರಲಿ. ಕಾಫಿ ಗಿಡದಲ್ಲಿದ್ದರೆ ಹಣ್ಣು ಕೊಯ್ಯಲು ಬಂದವರು ಕೈ ಹಾಕಲಾರರು. ಮುಂಜಾನೆ ಗೂಡನ್ನು ಚೀಲದೊಳಗೆ ಸೇರಿಸಿ ರೆಂಬೆ ಕತ್ತರಿಸಿ. ಚಟ್ನಿ ಅರೆಯಬಲ್ಲವರು ಮಲೆನಾಡಿನಲ್ಲಿ ಬೇಕಷ್ಟಿದ್ದಾರೆ.

ಇನ್ನು ಪುಡಿ. ಹಳೆಯ ಬಿ.ಎಚ್.ಸಿ. ಉಗ್ರಾಣದ ಮೂಲೆಯಲ್ಲಿದ್ದರೆ ಮುಟ್ಟಬೇಡಿ. ಅದು 1997ರಿಂದಲೇ ನಿಷಿದ್ಧ. ಬೇರೆ ಔಷಧ ಅನಿವಾರ್ಯವಾದರೆ ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳನ್ನು ಕೇಳಿ, ಗೂಡಿಗೂ ಬುಡದ ಸುತ್ತಲೂ ಮಾತ್ರ ಹಾಕಿ. ತೋಟವಿಡೀ ಎರಚಿದರೆ ಗುಲಗಂಜಿ ಹುಳು ಸಾಯುತ್ತದೆ, ಮೇಣ ಹೊದ್ದ ತಿಗಣೆ ಉಳಿದುಕೊಳ್ಳುತ್ತದೆ. ಇರುವೆ ಸಾಲಿರುವ ಗಿಡಗಳಿಗೆ ಸುಣ್ಣದ ಗುರುತು ಹಾಕಿಕೊಂಡು, ಹದಿನೈದು ದಿನ ಬಿಟ್ಟು ಮೊದಲು ಅವನ್ನೇ ಹೋಗಿ ನೋಡಿ.